ಕೂಲಿಯ ದರವನ್ನು ಗೊತ್ತುಮಾಡುವವರು ಯಾರು?



ಊರಿನ ಶೇಂಗಾ ಕೊಳ್ಳಲು ಒಬ್ಬನೇ ವ್ಯಾಪಾರಿ ಇದ್ದರೆ ಏನಾಗುವುದೆಂಬುದು ನಿಮಗೆ ತಿಳಿದೇ ಇದೆ. ಅವನು ಹೇಳಿದ್ದೇ ಬೆಲೆ. ನಾಲ್ಕು ಜನ ಸವಾಲಿಗೆ ನಿಂತರೆ ಅದೇ ಕಾಳಿಗೆ ಧಾರಣೆ ಏರುವುದು. ದುಡಿಮೆಗೂ ಇದೇ ನ್ಯಾಯ ಸಲ್ಲುತ್ತದೆ. ಕೆಲಸ ಕೊಡುವವರು ಒಬ್ಬಿಬ್ಬರೇ ಆದರೆ ಕೂಲಿ ತಗ್ಗುತ್ತದೆ. ಇಂಥ ಸ್ಥಿತಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರು 1933ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಕೂಲಿಯಾಳು ಬೇರೆ ಕಡೆ ಏಕೆ ಹೋಗಬಾರದು ಎಂದು ನೀವು ಕೇಳಬಹುದು. ದೂರದ ಊರಿಗೆ ಬಸ್ಸಿಲ್ಲ. ಮನೆಯಲ್ಲಿ ಎಳೆಯ ಮಗು. ಮದುವೆಗೋ ಕಾಯಿಲೆಗೋ ಪಡೆದ ಮುಂಗಡ ತೀರಿಲ್ಲ. ಸಾಲಕ್ಕೆ ಆಳನ್ನು ಕಟ್ಟಿಹಾಕುವ ಜೀತವನ್ನು 1976ರ ಕಾಯಿದೆ ನಿಷೇಧಿಸಿದೆ. ಆದರೂ ಮುಂಗಡದ ಹಂಗು ಇರುವವರು ಹೆಚ್ಚು ಕೂಲಿಯ ಕಡೆಗೆ ಹೋಗಲು ಹಿಂಜರಿಯುತ್ತಾರೆ.

ಇದರಿಂದ ಕೂಲಿಯೊಂದೇ ಅಲ್ಲ, ಕೆಲಸವೂ ಕಡಮೆಯಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಒಬ್ಬ ದೊಡ್ಡ ಹಿಡುವಳಿದಾರನ ಬಳಿ ನಾಲ್ವರು ದಿನಕ್ಕೆ 300 ರೂಪಾಯಿಗೆ ದುಡಿಯುತ್ತಾರೆ. ಐದನೆಯವಳು 340 ಕೇಳುತ್ತಾಳೆ. ಅವಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು. ಆಗ ಖರ್ಚು 1,200ರಿಂದ 1,700ಕ್ಕೆ ಏರುತ್ತದೆ. ಅವಳ ಕೆಲಸದಿಂದ ಬರುವುದು 450. ಅವಳಿಂದ ಹೆಚ್ಚುವ ಖರ್ಚು 500. ಆದ್ದರಿಂದ ಅವಳನ್ನು ಕರೆಯುವುದೇ ಇಲ್ಲ. ಕಳೆ ಹೊಲದಲ್ಲೇ ಉಳಿಯುತ್ತದೆ. ಊರಿನಲ್ಲೆಲ್ಲ 340 ರೂಪಾಯಿಯೇ ದರವೆಂದು ಗೊತ್ತಾದರೆ ಐದನೆಯವಳಿಗೆ ತಗಲುವುದು 340 ಮಾತ್ರ. ಆಗ ಅವಳಿಗೂ ಕೆಲಸ ಸಿಗುತ್ತದೆ. ಆದರೆ ದರ 450ನ್ನು ಮೀರಿದರೆ ಕೆಲಸ ತಪ್ಪುತ್ತದೆಂಬುದನ್ನೂ ಮರೆಯಬಾರದು.

ಇದು ಬರಿಯ ಲೆಕ್ಕವಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು ಸ್ಮಾರ್ಟ್ ಕಾರ್ಡಿನ ಮೂಲಕ ಸರಿಯಾಗಿ ಸಲ್ಲಿಸುವ ಏರ್ಪಾಡು 2010ರ ನಂತರ ಕೆಲವು ಮಂಡಲಗಳಲ್ಲಿ ಮೊದಲು, ಕೆಲವುಗಳಲ್ಲಿ ತಡವಾಗಿ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಂಗಡಿಗರು ಈ ಎರಡನ್ನೂ ಹೋಲಿಸಿದರು. ಏರ್ಪಾಡು ಮೊದಲು ಬಂದಲ್ಲಿ ಬಡ ಕುಟುಂಬಗಳ ಗಳಿಕೆ ಶೇಕಡ 14ರಷ್ಟು ಹೆಚ್ಚಿತು. ಆ ಹೆಚ್ಚಳದಲ್ಲಿ ಶೇಕಡ 86 ಭಾಗ ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ. ಖಾಸಗಿ ಕೂಲಿಯೂ ಏರಿತು, ಕೆಲಸವೂ ಹೆಚ್ಚಿತು. ಭೂಮಿ ಕೆಲವರ ಕೈಯಲ್ಲೇ ಸೇರಿದ್ದ ಹಳ್ಳಿಗಳಲ್ಲಿ ಕೆಲಸದ ಹೆಚ್ಚಳ ಇನ್ನೂ ಮಿಗಿಲು. ಭೂಮಿಯ ಆದಾಯ ಮಾತ್ರ ತುಸು ಇಳಿಯಿತು.

ಕೂಲಿ ಏರಿದರೆ ಬೇಸಾಯ ಕೆಡುವುದೆಂದು ಸಣ್ಣ ರೈತರು ಅಂಜುವುದು ಸಹಜ. ಅವರು ಮುಯ್ಯಾಳಿನ ಪದ್ಧತಿಯಿಂದ ತಮ್ಮ ಹೊರೆಯನ್ನು ಇಳಿಸಿಕೊಳ್ಳಬಹುದು. ತಮ್ಮ ಕೆಲಸ ಮುಗಿದ ಮೇಲೆ ಅವರಲ್ಲಿ ಅನೇಕರು ತಾವೇ ಕೂಲಿಗೆ ಹೋಗುವವರು ಎಂಬುದೂ ನೆನಪಿರಲಿ.

ಆದುದರಿಂದ ನೆರೆಯೂರಿನ ದರವನ್ನು ಕೇಳಿ ತಿಳಿಯಿರಿ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸಿರಿ. ಮುಂಗಡಕ್ಕೆ ಧಣಿಯ ಬಾಗಿಲಿಗೆ ಹೋಗುವ ಬದಲು ಸಹಕಾರ ಸಂಘ, ಸ್ವಸಹಾಯ ಸಂಘಗಳ ಸಾಲ ಪಡೆಯಿರಿ. ಕೊಳ್ಳುವವರು ಹಲವರಾದರೆ ಕಾಳಿಗೆ ಬೆಲೆ. ಕರೆಯುವವರು ಹಲವರಾದರೆ ತೋಳಿಗೆ ಬೆಲೆ.