ಸುಣ್ಣದಕಲ್ಲು ಇಲ್ಲಿ, ಯಂತ್ರ ಎಲ್ಲಿ?

ಕುರಕುಂಟಾ, ಸೇಡಂ, ಮಳಖೇಡ, ವಾಡಿ – ಈ ಕಡೆ ಎಲ್ಲಿ ಅಗೆದರೂ ಸುಣ್ಣದಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನಿನದೇ ಒಂದು ಕಾರ್ಖಾನೆ ಇತ್ತು, ಅದು ಮುಚ್ಚಿ ವರ್ಷಗಳಾದವು. ಈಗ ನಾವು ಈ ಕಲ್ಲಿನ ಮೇಲೆ ಒಂದು ಪ್ರಾಜೆಕ್ಟ್ ಮಾಡ್ತೀವಿ ಅಂದುಕೊಳ್ಳಿ. ಗೈಡ್ ಕೇಳುವ ಮೊದಲ ಪ್ರಶ್ನೆ: ಇದರಲ್ಲಿ ಕ್ಯಾಲ್ಸೈಟ್ ಎಷ್ಟು, ಕ್ವಾರ್ಟ್ಜ್ ಎಷ್ಟು?

ಇದಕ್ಕೆ ಎಕ್ಸ್‌ಆರ್‌ಡಿ, ಅಂದ್ರೆ ಎಕ್ಸ್-ರೇ ಡಿಫ್ರ್ಯಾಕ್ಷನ್ ಬೇಕು. ತಾಮ್ರದ ಟ್ಯೂಬಿನಿಂದ ಹೊರಟ 1.54 ಆಂಗ್‌ಸ್ಟ್ರಾಮ್ ಅಲೆಯುದ್ದದ ಕಿರಣ ಕಲ್ಲಿನ ಪುಡಿಗೆ ಬಡಿದು, ಸ್ಫಟಿಕದ ಪದರಗಳ ಅಂತರಕ್ಕೆ ತಕ್ಕ ಕೋನದಲ್ಲಿ ಹೊಮ್ಮುತ್ತದೆ. ಬ್ರ್ಯಾಗ್ ನಿಯಮ ಮೊದಲ ವರ್ಷದ ಫಿಸಿಕ್ಸ್‌ನಲ್ಲೇ ಓದಿದ್ದೇವೆ. ಕ್ಯಾಲ್ಸೈಟ್‌ನ ದೊಡ್ಡ ಶಿಖರ ಸುಮಾರು 29.4 ಡಿಗ್ರಿಗೆ, ಕ್ವಾರ್ಟ್ಜ್‌ನದು 26.6ಕ್ಕೆ. ಓದೋದು ಸುಲಭ, ಯಂತ್ರ ಸಿಗೋದು ಕಷ್ಟ. ಪ್ರತಿ ಕಾಲೇಜೂ ಒಂದೊಂದು ಕೊಂಡರೆ ವರ್ಷದಲ್ಲಿ ಹತ್ತು ದಿನ ಓಡಿ ಉಳಿದ ದಿನ ಧೂಳು ತಿನ್ನುತ್ತೆ.

ಹಂಚಿಕೊಳ್ಳುವ ಯೋಚನೆ ಹುಟ್ಟಿದ್ದು ಇದೇ ಲೆಕ್ಕದಿಂದ. 1970ರ ದಶಕದಲ್ಲೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ಶುರುಮಾಡಿತು. ಇವತ್ತು ಅವನ್ನು ಸೈಫ್ ಅಂತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಒಂದು ಸೈಫ್ ಇದೆ. ಇನ್ನೂ ದೊಡ್ಡ ಯಂತ್ರಗಳಿಗೆ ಬೇರೆ ದಾರಿ: 1984ರಲ್ಲಿ ಯುಜಿಸಿ ದೆಹಲಿಯಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಸ್ಥಾಪಿಸಿತು. ಅಲ್ಲಿನ ವೇಗವರ್ಧಕ ಯಾವುದೇ ಒಂದು ವಿಶ್ವವಿದ್ಯಾಲಯದ ಆಸ್ತಿಯಲ್ಲ. ಪ್ರಸ್ತಾವ ಬರೆದು ಕಳಿಸಬೇಕು, ಸಮಿತಿ ಒಪ್ಪಿದರೆ ಬೀಮ್ ಟೈಮ್. ಕೇಳಿದವರ ಊರು ನೋಡದೆ ಪ್ರಶ್ನೆ ನೋಡಿ ಸಮಯ ಕೊಡುವ ಈ ಪದ್ಧತಿ ನಮಗೆ ತುಂಬಾ ಸರಿ ಅನಿಸುತ್ತೆ.

ಆದರೆ ಯಾವ ಯಂತ್ರ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಐ-ಸ್ಟೆಮ್ ಪೋರ್ಟಲ್. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು, ನಡೆಸಿಕೊಂಡು ಬಂದದ್ದು ಅಲ್ಲಿನದೇ ಐಐಎಸ್‌ಸಿ. ಉಪಕರಣದ ಹೆಸರು ಹುಡುಕಿ, ಲಭ್ಯತೆ ನೋಡಿ, ಸ್ಲಾಟ್ ಕಾಯ್ದಿರಿಸಬಹುದು. 2022ರಲ್ಲಿ ಸರ್ಕಾರಿ ದುಡ್ಡಿನ ಉಪಕರಣಗಳನ್ನು ಹಂಚಿಕೊಳ್ಳುವ ಬಗ್ಗೆ 'ಶ್ರೀಮಾನ್' ಎಂಬ ಮಾರ್ಗಸೂಚಿಯೂ ಬಂತು. (ಹೆಸರು ಇಟ್ಟವರಿಗೆ ಶ್ರೀಮಂತಿಕೆಯ ಆಸೆ ಇದ್ದಿರಬೇಕು!)

ನಮ್ಮ ತಕರಾರು ಇರೋದು ಎರಡು ಕಡೆ. ಒಂದು, ಜಾಗ. 'ಸಾಥಿ' ಎಂಬ ಹಂಚಿಕೆ ಕೇಂದ್ರಗಳ ಯೋಜನೆಯಲ್ಲಿ ಮೊದಲು ಆಯ್ಕೆಯಾದ ಮೂರು ಐಐಟಿ ಖರಗ್‌ಪುರ, ಐಐಟಿ ದೆಹಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯ. ದಕ್ಷಿಣಕ್ಕೆ ಸೊನ್ನೆ. ಕಲಬುರಗಿ ಸೀಮೆಯಿಂದ ಬೆಂಗಳೂರಿಗೇ ಒಂದು ರಾತ್ರಿಯ ರೈಲು, ಹೈದರಾಬಾದ್ ವಾಸಿ. ಎರಡು, ಯಂತ್ರ ಕೊಳ್ಳುವ ದುಡ್ಡು ಒಮ್ಮೆ ಬರುತ್ತೆ, ಅದನ್ನು ನಡೆಸುವ ಆಪರೇಟರನ ಸಂಬಳ ಮತ್ತು ದುರಸ್ತಿ ಒಪ್ಪಂದದ ದುಡ್ಡು ಪ್ರತಿ ವರ್ಷ ಬೇಕು. ಟ್ಯೂಬ್ ಸುಟ್ಟರೆ ಪಟ್ಟಿಯಲ್ಲಿ ಯಂತ್ರದ ಹೆಸರು ಇದ್ದೂ ಪ್ರಯೋಜನ ಇಲ್ಲ.

ದುಡ್ಡಿನ ಮೂಲವೂ ಬದಲಾಗ್ತಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದಾಜು. ಅದರಲ್ಲಿ ಸರ್ಕಾರದ್ದು 14,000 ಕೋಟಿ, ಮಿಕ್ಕದ್ದು ಉದ್ಯಮ, ದಾನಿಗಳು ಮುಂತಾದ ಕಡೆಯಿಂದ ಬರಬೇಕು. ಸಿಮೆಂಟ್ ಉದ್ಯಮಕ್ಕೆ ಇದು ಹೊಸದೇನಲ್ಲ: ಹಿಂದೆ ಟನ್ ಸಿಮೆಂಟಿಗೆ 75 ಪೈಸೆ ಸೆಸ್ ಇತ್ತು, ಸಿಮೆಂಟ್ ಸಂಶೋಧನೆಗೆಂದೇ. ಜಿಎಸ್‌ಟಿ ಬರುವ ಹೊತ್ತಿಗೆ ಅದು ಹೋಯಿತು. ಸುಣ್ಣದಕಲ್ಲು ಕೊಟ್ಟ ಸೀಮೆಯಲ್ಲೇ ಒಂದು ಹಂಚಿಕೆಯ ಪ್ರಯೋಗಾಲಯ, ಅದಕ್ಕೆ ಕಾಯಂ ಆಪರೇಟರ್ ಕೇಳೋದು ಅತಿಯಾಸೆ ಅಲ್ಲ.

ಅಲ್ಲಿವರೆಗೆ ಸ್ಯಾಂಪಲ್ ಕಳಿಸೋಣ. ಕಲ್ಲನ್ನು ಒಣಗಿಸಿ, ಕೈಗೆ ಮೈದಾದಂತೆ ಹತ್ತುವಷ್ಟು ನುಣ್ಣಗೆ ಅರೆಯಿರಿ. ಪ್ರತಿ ಪೊಟ್ಟಣದ ಮೇಲೆ ಸಂಖ್ಯೆ ಬರೆಯಿರಿ, ಎಲ್ಲಿಂದ ತಂದದ್ದೆಂದು ನೋಟ್‌ಬುಕ್‌ನಲ್ಲೂ ಇರಲಿ. ವಿದ್ಯಾರ್ಥಿ ದರ ಕೇಳಿ. ಉದ್ಯಮಗಳ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಮತ್ತು ಗ್ರಾಫ್‌ನ ಚಿತ್ರ ಮಾತ್ರ ಸಾಕು ಅನ್ನಬೇಡಿ, ಕೋನ ಮತ್ತು ತೀವ್ರತೆಯ ಅಂಕಿಗಳಿರುವ ಡೇಟಾ ಫೈಲನ್ನೂ ಕೇಳಿ ಪಡೆಯಿರಿ.