ಫೋನ್ ತಂತಿಯಲ್ಲೂ ಸಿಡಿಲು ಇಳಿಯುತ್ತದೆ

‘ಗುಡುಗಿದ ಕೂಡಲೇ ಮೇನ್ ಸ್ವಿಚ್ ಇಳಿಸಿದ್ದೆವು, ಆದರೂ ಮೋಡೆಮ್ ಸುಟ್ಟುಹೋಯಿತಲ್ಲ!’ ಭರಣಿ ಮಳೆ ಹಿಡಿಯಿತೆಂದರೆ ಮಲೆನಾಡಿನ ತೋಟದ ಮನೆಗಳಲ್ಲಿ ಇದೇ ಗೋಳು. ಇಳಿಸಿದ್ದು ಕರೆಂಟನ್ನು ಮಾತ್ರ, ಫೋನ್ ತಂತಿ ಮೋಡೆಮ್ಮಿನಲ್ಲೇ ಇತ್ತು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ಪಕ್ಕದ ತೆಂಗಿನ ಮರಕ್ಕೆ ಬಿದ್ದರೂ ಕಂಬಗಳ ಮೇಲೆ ಬಂದ ತಾಮ್ರದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟೀತು.

ಮೋಡ ಕಟ್ಟುತ್ತಿದ್ದಂತೆಯೇ ಅಡಾಪ್ಟರ್, ಫೋನ್ ತಂತಿ ಎರಡನ್ನೂ ಕಿತ್ತಿಡಿ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ, ಆಮೇಲೆ ತಂತಿ ಮುಟ್ಟಬೇಡಿ. ಮೋಡೆಮ್ ಹೋದರೆ ಹೋಗಲಿ.

ತಂತಿ ಮನೆಯೊಳಗೆ ಬರುವ ಜಾಗದಲ್ಲೇ, ನುಗ್ಗಿಬಂದ ಸಿಡಿಲಿನ ಕರೆಂಟನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್ ಕೂರಿಸಿ. ಫೋನ್ ಲೈನಿಗೆ ಸಾಮಾನ್ಯವಾಗಿ 230 ವೋಲ್ಟಿನ, ಮೂರು ಕಾಲಿನ ಗ್ಯಾಸ್ ಟ್ಯೂಬ್ ಹಾಕುತ್ತಾರೆ. ನಡುವಿನ ಕಾಲು ಅರ್ಥಿಂಗಿಗೆ.

ಎಡವುವುದು ಇಲ್ಲೇ. ಫೋನಿಗೆಂದು ಹಿತ್ತಿಲಲ್ಲಿ ಬೇರೆ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿಸಿ ನಿಶ್ಚಿಂತರಾಗುತ್ತಾರೆ. ನಾನೂ ಹಾಗೇ ಮಾಡಿ ಒಂದು ರೌಟರ್ ಕಳೆದುಕೊಂಡವನು. ಲೆಕ್ಕ ಹಾಕಿ ನೋಡಿ: ಗುಂಡಿಯ ರೋಧ 20 ಓಮ್ ಇದ್ದು, 1,000 ಆಂಪಿಯರ್ ಇಳಿಯಿತೆನ್ನಿ. ಅರ್ಥ್ ತಂತಿ 20,000 ವೋಲ್ಟಿಗೆ ಏರುತ್ತದೆ. ಕರೆಂಟಿನ ಅರ್ಥಿಂಗ್ ಏರದೆ ಕೆಳಗೇ ಇರುತ್ತದೆ. ಈ ಎರಡರ ನಡುವೆ ಸಿಕ್ಕಿಬೀಳುವುದು ನಿಮ್ಮ ಮೋಡೆಮ್. ಅದಕ್ಕೇ ಅರೆಸ್ಟರಿನ ತಂತಿ ಮೀಟರ್ ಬೋರ್ಡಿನ ಅರ್ಥಿಂಗಿಗೇ ಸೇರಬೇಕು. ಹೊಸ ಗುಂಡಿ ಆಗಲೇ ತೋಡಿದ್ದರೆ ಎರಡನ್ನೂ ದಪ್ಪ ತಾಮ್ರದ ತಂತಿಯಿಂದ ಬೆಸೆಯಿಸಿ. ‘ಫೋನಿಗೂ ಕರೆಂಟಿಗೂ ಒಂದೇ ಅರ್ಥಿಂಗಾ?’ ಎಂದು ಎಲೆಕ್ಟ್ರೀಷಿಯನ್ ಮೂಗು ಮುರಿದರೆ ಈ ಲೆಕ್ಕ ತೋರಿಸಿ. ತಂತಿ ಗಿಡ್ಡವಾಗಿ, ನೇರವಾಗಿರಲಿ. ಉಳಿದದ್ದನ್ನು ಸುರುಳಿ ಸುತ್ತಿಡಬೇಡಿ. ಸಿಡಿಲಿನ ವೇಗಕ್ಕೆ ಒಂದು ಮೀಟರ್ ತಂತಿಯಲ್ಲೇ ಸುಮಾರು 1,000 ವೋಲ್ಟ್ ನಿಲ್ಲುತ್ತದೆ.

ಮನೆಯಿಂದ ಕೊಟ್ಟಿಗೆಯ ಸಿಸಿ ಕ್ಯಾಮೆರಾಗೆ ಎಳೆದ ಲ್ಯಾನ್ ಕೇಬಲ್ಲಿಗೆ ಎರಡೂ ತುದಿಯಲ್ಲಿ ಅರೆಸ್ಟರ್ ಬೇಕು. ಫೈಬರ್ ಗಾಜಿನಲ್ಲಿ ಕರೆಂಟ್ ಹರಿಯದು, ಆದರೆ ಜೊತೆಗಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಅದು ಗೋಡೆಯ ಹೊರಗೇ ನಿಲ್ಲಲಿ. ಪುಣೆಯ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಮೊಬೈಲಿನಲ್ಲಿರಲಿ. ಇಷ್ಟೆಲ್ಲ ಮಾಡಿದರೂ ನೇರ ಹೊಡೆತಕ್ಕೆ ಈ ಪುಟ್ಟ ಅರೆಸ್ಟರ್ ತಡೆಯದು. ಮಳೆಗಾಲದ ಮೊದಲು ನೆಂಟರ ಮನೆಗೆ ಹೊರಟರೆ ತಂತಿಗಳನ್ನು ಕಿತ್ತಿಟ್ಟೇ ಬಾಗಿಲು ಹಾಕಿ.