ಕಾಲ ಕೆಳಗಿನ ನೆಲ ಯಾರದ್ದು?

ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ ಧರ್ಮಸ್ಥಳಕ್ಕೆ ನಡೆದೇ ಹೋಗುತ್ತೇವೆಂದು ಹರಕೆ ಹೊತ್ತವರಿಗೆ ದಾರಿ ಬಾಯಿಪಾಠ: ಹೊಸದುರ್ಗ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ. ಶಿವರಾತ್ರಿ ಹತ್ತಿರ ಬಂತೆಂದರೆ ಘಾಟಿಯ ತಿರುವುಗಳಲ್ಲಿ ಪಾದಯಾತ್ರಿಗಳ ಸಾಲು ಕಾಣುತ್ತದೆ. ಊಟಕ್ಕೆಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬ ಮಾತು ತಿಂಗಳ ಮೊದಲೇ ಶುರುವಾಗುತ್ತದೆ. ಕಾಲಿಡುವ ನೆಲ ಎಲ್ಲೆಲ್ಲಿ ಯಾರದ್ದು ಎಂದು ಕೇಳುವವರು ಮಾತ್ರ ಕಡಿಮೆ.

ಅಮೆರಿಕ 1968ರಲ್ಲೇ ಕಾಯ್ದೆ ಮಾಡಿ ಅಪಲಾಚಿಯನ್, ಪೆಸಿಫಿಕ್ ಕ್ರೆಸ್ಟ್ ಎಂಬ ಎರಡು ಉದ್ದನೆಯ ದಾರಿಗಳನ್ನು ರಾಷ್ಟ್ರೀಯ ಚಾರಣಪಥಗಳೆಂದು ಗುರುತಿಸಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಸಂವಿಧಾನದ 19(1)(ಡಿ) ವಿಧಿ ದೇಶದೊಳಗೆ ಎಲ್ಲೆಡೆ ಸಂಚರಿಸುವ ಹಕ್ಕು ಕೊಟ್ಟಿದೆ, ನಿಜ. ಅದನ್ನು ಹಿಡಿದುಕೊಂಡು ಯಾರದೋ ಅಡಿಕೆ ತೋಟಕ್ಕೆ ನುಗ್ಗಲು ಬರುವುದಿಲ್ಲ. ಹಳ್ಳಿಯ ದಾರಿ, ಕಾಡು, ಹೆದ್ದಾರಿ ಮೂರಕ್ಕೂ ಕಾನೂನು ಬೇರೆ ಬೇರೆ.

ತಕರಾರು ಹೆಚ್ಚು ಬರುವುದು ಹಳ್ಳಿಯ ಒಳದಾರಿಗಳಲ್ಲಿ. ಎತ್ತಿನಗಾಡಿ, ಟ್ರ್ಯಾಕ್ಟರು, ಕುರಿಮಂದೆ, ಶಾಲೆ ಮಕ್ಕಳು ಎಲ್ಲರೂ ಓಡಾಡುವ ಬಂಡಿದಾರಿ ಒಂದು ದಿನ ಇದ್ದಕ್ಕಿದ್ದಂತೆ ತಂತಿಬೇಲಿಯ ಹಿಂದೆ ಸೇರಿಬಿಡುತ್ತದೆ. ಆಗ ನೋಡಬೇಕಾದ್ದು ಗ್ರಾಮ ನಕಾಶೆ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಹಳ್ಳಿ ಹಳ್ಳಿಯ ನಕಾಶೆ ಸಿಗುತ್ತದೆ. ಅದರಲ್ಲಿ ಬಂಡಿದಾರಿಗೆ ಜೋಡಿ ಗೆರೆ, ಕಾಲುದಾರಿಗೆ ಒಂಟಿ ಗೆರೆ ಇರುತ್ತದೆ. ಆಮೇಲೆ ಆ ಸರ್ವೆ ನಂಬರಿನ ಪಹಣಿ ತೆಗೆದು ವಿಸ್ತೀರ್ಣದ ಕಲಂ ನೋಡಬೇಕು. ಅಲ್ಲಿ ಖರಾಬು ಎರಡು ಬಗೆಯಾಗಿ ಬರೆದಿರುತ್ತದೆ. ‘ಎ’ ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. ‘ಬಿ’ ಖರಾಬು ಎಂದರೆ ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು. 1966ರ ಭೂಕಂದಾಯ ನಿಯಮಗಳ 21(2)ನೇ ನಿಯಮದಲ್ಲಿ ಈ ವಿಂಗಡಣೆ ಇದೆ. ಹೊಲ ಯಾರ ಹೆಸರಲ್ಲೇ ಇರಲಿ, ‘ಬಿ’ ಖರಾಬಿನ ಗುಂಟೆಗಳ ಮೇಲೆ ಅವರಿಗೆ ಒಡೆತನವಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ದಾರಿಗಳು ಸರ್ಕಾರದ ಆಸ್ತಿ.

ದಾರಿ ಮುಚ್ಚಿದ್ದರೆ ನಕಾಶೆ, ಪಹಣಿ, ಫೋಟೊ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಸಾರ್ವಜನಿಕ ದಾರಿಯ ಅಡ್ಡಿ ತೆರವಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್, ನೆಲದ ಬಳಕೆಯ ಹಕ್ಕಿನ ಜಗಳ ಶಾಂತಿಭಂಗದ ಮಟ್ಟಕ್ಕೆ ಹೋದರೆ 166ನೇ ಸೆಕ್ಷನ್ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿವೆ. ಹೋಗುವ ಹಕ್ಕಿದ್ದವರನ್ನು ಬೇಕೆಂದೇ ಅಡ್ಡಗಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನಿನಡಿ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಎಂದು ಪ್ರಾಮಾಣಿಕವಾಗಿ ನಂಬಿ ತಡೆದರೆ ಅದು ಅಪರಾಧವಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಬೇಲಿಯ ಮುಂದೆ ನಿಂತು ವಾದಕ್ಕಿಳಿಯುವುದು ಯಾತ್ರಿಗೆ ಲಾಭದ ಕೆಲಸವಲ್ಲ. ಬಳಸಿಕೊಂಡು ಹೋಗಿ ಅರ್ಜಿಯನ್ನು ಊರವರಿಂದ ಹಾಕಿಸುವುದು ಜಾಣತನ. ಖಾಸಗಿ ನೆಲದ ಮೇಲಿನ ದಾರಿಯನ್ನು ಅಡೆತಡೆಯಿಲ್ಲದೆ 20 ವರ್ಷ ಹಕ್ಕೆಂಬಂತೆ ಬಳಸಿದವರಿಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ರಕ್ಷಣೆಯೂ ಇದೆ. ಅದು ಪಕ್ಕದ ಹೊಲದವರಿಗೆ ಸಿಗುವ ಹಕ್ಕು, ಒಮ್ಮೆ ಹಾದುಹೋಗುವವರಿಗಲ್ಲ.

ಕಾಡಿನ ಲೆಕ್ಕವೇ ಬೇರೆ. ಚಿತ್ರದುರ್ಗದ ಜೋಗಿಮಟ್ಟಿಯಂಥ ವನ್ಯಜೀವಿಧಾಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅನ್ವಯಿಸುತ್ತದೆ. ಪರವಾನಗಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಧಾಮದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಉಂಟು. ಆ ವಿನಾಯಿತಿ ರಸ್ತೆಗಷ್ಟೇ. ತಿರುವು ತಪ್ಪಿಸಲು ಕಾಡೊಳಗೆ ಇಳಿದರೆ ಅಲ್ಲಿಗೆ ಮುಗಿಯಿತು. ಉಲ್ಲಂಘನೆಗೆ 2022ರ ತಿದ್ದುಪಡಿಯ ನಂತರ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ಮಾಡುವುದನ್ನೂ ಬೆಂಕಿ ಹಚ್ಚುವುದನ್ನೂ 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸುತ್ತದೆ. ಚಹಾ ಕಾಯಿಸಲು ಹೂಡುವ ಮೂರು ಕಲ್ಲಿನ ಒಲೆಗೂ ಅಲ್ಲಿ ಜಾಗವಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿಗೆ ಸಿಕ್ಕ ಚಾರಣಿಗರ ಪೈಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು.

ಬೆಟ್ಟ ಹತ್ತುವ ಆಸೆಯೂ ಜೊತೆಗಿದ್ದರೆ ಮೊದಲೇ ಟಿಕೆಟ್ ಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಮೇಲೆ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಅಕ್ಟೋಬರಿನಲ್ಲಿ ಟಿಕೆಟ್ ಕಾಯ್ದಿರಿಸಲು ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ನಿಗದಿಯಾಯಿತು.

ಇನ್ನು ಹೆದ್ದಾರಿ. ನಡೆಯಲು ಕಾಲುದಾರಿ ಇರುವುದು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ಹಳ್ಳಿಗಳ ನಡುವಿನ ರಸ್ತೆಯಂಚಿನಲ್ಲಿ ಇರುವುದೋ ಮಣ್ಣು, ಜಲ್ಲಿ, ನಿಂತ ಲಾರಿ. ಅಪಘಾತವಾದರೆ 2025ರ ಮೇನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದು ಕಟ್ಟದೆ ಸಿಗಬೇಕು. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವುಂಟು. ಗಾಯಾಳುವಿಗೆ ನೆರವಾದ ದಾರಿಹೋಕರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಕೋರ್ಟು ಕಚೇರಿಯ ಅಲೆದಾಟಕ್ಕೆ ಹೆದರಿ ಹಿಂದೆ ಸರಿಯಬೇಕಿಲ್ಲ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಗುದ್ದಿದ ವಾಹನ ಪತ್ತೆಯಾಗದ ಪ್ರಕರಣದ ಪರಿಹಾರದ ಅರ್ಜಿ ಮಾತ್ರ ಅಪಘಾತ ನಡೆದ ಉಪವಿಭಾಗ ಅಥವಾ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೇ ಹೋಗಬೇಕು. ಮೂಡಿಗೆರೆಯ ಬಳಿ ಗಾಯಗೊಂಡವರ ಅರ್ಜಿಯನ್ನು ಬಾಗೂರಿಗೆ ಮರಳಿದ ಮೇಲೆ ಹೊಸದುರ್ಗದಲ್ಲಿ ಕೊಟ್ಟರೆ ನಡೆಯದು. ಅರ್ಜಿ ಬರೆಸಲು ವಕೀಲರ ನೆರವು ಬೇಕಾದ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಅದನ್ನು ಉಚಿತವಾಗಿ ಪಡೆಯಬಹುದು, ಸಹಾಯವಾಣಿ 15100.